ಉಳಿಸಿದ್ದು ಯಾವುದು, ಮೂಲದ್ದು ಯಾವುದು? ಯು-ಬೂಟ್ ಎನ್ವಿರಾನ್‌ಮೆಂಟ್ ಕುರಿತು ಮಲೆನಾಡಿನ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳೆಲ್ಲ ಸುತ್ತಿ ಸುತ್ತಿ ಒಂದೇ ವಿಷಯಕ್ಕೆ ಬರುತ್ತವೆ. ಅಡಿಕೆ ತೋಟದ ಪಂಪು, ಮಳೆಮಾಪಕ, ಒಣಗಿಸುವ ಮನೆಯ ತಾಪಮಾನ ನೋಡಿಕೊಳ್ಳುವ ಪುಟ್ಟ ಲಿನಕ್ಸ್ ಬೋರ್ಡುಗಳಲ್ಲಿ ಬೂಟ್‌ಲೋಡರ್, ಅಂದರೆ ಕರೆಂಟ್ ಬಂದಾಗ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ, ಯು-ಬೂಟ್. ಅದರ ಎನ್ವಿರಾನ್‌ಮೆಂಟಿನಲ್ಲಿ (ವೇರಿಯಬಲ್‌ಗಳ, ಅಂದರೆ ಹೆಸರು-ಮೌಲ್ಯಗಳ ಪಟ್ಟಿಯಲ್ಲಿ) ಉಳಿಸಿಟ್ಟ ಮೌಲ್ಯಗಳು ಒಂದು ಕಡೆ, ಯು-ಬೂಟ್‌ನ ಬೈನರಿಯೊಳಗೆ (ಬಿಲ್ಡ್ ಆದ ಪ್ರೋಗ್ರಾಂ ಫೈಲಿನೊಳಗೆ) ಸೇರಿ ಬಂದ ಮೂಲ ಮೌಲ್ಯಗಳು ಇನ್ನೊಂದು ಕಡೆ. ಎರಡನ್ನೂ ಬೆರೆಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಹಾಗಾಗಿ ಈ ಕಂತನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದೆ. ಕನ್ಸೋಲಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.

ಪ್ರಶ್ನೆ: ತೋಟಗಳಲ್ಲಿರುವ ಬೋರ್ಡುಗಳಿಗೆ ಹೊಸ ಯು-ಬೂಟ್ ಹಾಕಿದೆವು. ಮೊದಲ ಪಾರ್ಟಿಷನ್ ಕೆಟ್ಟರೆ ಎರಡನೆಯದರಿಂದ ಬೂಟ್ ಆಗುವಂತೆ ಬೂಟ್‌ಸಿಎಂಡಿ (ಬೂಟ್ ಆಗುವಾಗ ಓಡುವ ಆದೇಶಗಳಿರುವ ವೇರಿಯಬಲ್) ಬದಲಿಸಿದ್ದೇವೆ. ಮೇಜಿನ ಮೇಲಿನ ಹೊಸ ಬೋರ್ಡಿನಲ್ಲಿ ಸರಿಯಾಗಿದೆ, ತೋಟದ ಬೋರ್ಡುಗಳು ಮಾತ್ರ ಹಳೆಯ ದಾರಿಯನ್ನೇ ಹಿಡಿಯುತ್ತಿವೆ. ಅಪ್‌ಡೇಟ್ ಆಗಿಯೇ ಇಲ್ಲವೇ? — ಓದುಗರು, ತೀರ್ಥಹಳ್ಳಿ

ಅಪ್‌ಡೇಟ್ ಆಗಿದೆ. ಹೊಸ ಬೂಟ್‌ಸಿಎಂಡಿ ಬೈನರಿಯೊಳಗೆ ಇದೆ, ಅದನ್ನು ಓದುವವರಿಲ್ಲ, ಅಷ್ಟೇ.

ಯು-ಬೂಟ್ ಏಳುವಾಗ ಉಳಿಸಿದ ಎನ್ವಿರಾನ್‌ಮೆಂಟನ್ನು ಇಎಂಎಂಸಿ, ಎಸ್‌ಪಿಐ ಫ್ಲಾಶ್ (ಎರಡೂ ಬೋರ್ಡಿನ ಸಂಗ್ರಹ ಚಿಪ್‌ಗಳು) ಅಥವಾ ಫ್ಯಾಟ್ ಪಾರ್ಟಿಷನ್ನಿನ ಒಂದು ಫೈಲಿನಿಂದ ಓದುತ್ತದೆ. ಅದರ ತಲೆಯಲ್ಲಿ 4 ಬೈಟಿನ ಸಿಆರ್‌ಸಿ-32 ಮೊತ್ತ, ಒಳಗಿನದು ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಅಂಕಿ. ಆಮೇಲೆ ಹೆಸರು, ಸಮ ಚಿಹ್ನೆ, ಮೌಲ್ಯ, ಒಂದು ಸೊನ್ನೆ ಬೈಟು ಎಂಬ ಕ್ರಮದಲ್ಲಿ ಒಂದಾದ ಮೇಲೊಂದು ವೇರಿಯಬಲ್. ಕೊನೆಗೆ ಇನ್ನೊಂದು ಸೊನ್ನೆ ಬೈಟು. ಸಿಆರ್‌ಸಿ ತಾಳೆಯಾದರೆ ಯು-ಬೂಟ್ ತನ್ನ ಪಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಉಳಿಸಿದ್ದನ್ನು ಮಾತ್ರ ತುಂಬಿಕೊಳ್ಳುತ್ತದೆ. ತಾಳೆಯಾಗದಿದ್ದರೆ 'ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡಿಫಾಲ್ಟ್ ಎನ್ವಿರಾನ್‌ಮೆಂಟ್' ಎಂದು ತಿಳಿಸಿ ಮೂಲದ್ದನ್ನು ತುಂಬಿಕೊಳ್ಳುತ್ತದೆ. ಸಾಮಾನ್ಯ ಬಿಲ್ಡ್‌ನಲ್ಲಿ ಇವೆರಡರ ನಡುವೆ ಮೂರನೇ ದಾರಿ ಇಲ್ಲ. ವೇರಿಯಬಲ್‌ಗಳನ್ನು ಒಂದೊಂದಾಗಿ ಹೋಲಿಸಿ ಹೊಸದನ್ನು ಸೇರಿಸುವ ಕೆಲಸವನ್ನು ಅದು ತಾನಾಗಿ ಮಾಡುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಉಳಿಸುವ ಆದೇಶವಾದ ಸೇವ್‌ಎನ್ವ್ ಕೊಟ್ಟಾಗ ನೀವು ಬದಲಿಸಿದ ಒಂದು ವೇರಿಯಬಲ್ ಮಾತ್ರ ಬರೆಯಲ್ಪಡುವುದಿಲ್ಲ. ಆ ಕ್ಷಣ ಮೆಮೊರಿಯಲ್ಲಿರುವ ಇಡೀ ಪಟ್ಟಿ ಬರೆಯಲ್ಪಡುತ್ತದೆ. ಬೋರ್ಡು ನೆಲೆಗೊಳಿಸುವ ದಿನ ಸೈಟ್‌ಐಡಿ (ಆ ಜಾಗದ ಗುರುತು) ಹಾಕಿ ಸೇವ್‌ಎನ್ವ್ ಮಾಡಿರುತ್ತೀರಿ. ಅಂದಿನ ಬೂಟ್‌ಸಿಎಂಡಿಯೂ ಅದರ ಜೊತೆಗೇ ಹೆಪ್ಪುಗಟ್ಟಿತು. ಮೇಜಿನ ಮೇಲಿನ ಬೋರ್ಡಿನಲ್ಲಿ ಏನನ್ನೂ ಉಳಿಸಿರಲಿಲ್ಲವಾದ್ದರಿಂದ ಅಲ್ಲಿ ಹೊಸದು ಓಡಿತು.

ಖಚಿತ ಮಾಡಿಕೊಳ್ಳಲು ಅಪಾಯವಿಲ್ಲದ ವಿಧಾನ ಇದೆ. ತೋಟದ ಒಂದು ಬೋರ್ಡಿಗೆ ಸೀರಿಯಲ್ ತಂತಿ ಹಾಕಿ, ಬೂಟ್ ನಿಲ್ಲಿಸಿ, ಪ್ರಿಂಟ್‌ಎನ್ವ್ ಬೂಟ್‌ಸಿಎಂಡಿ ಎಂದು ನೋಡಿ. ನಂತರ

ಎನ್ವ್ ಡಿಫಾಲ್ಟ್ ಬೂಟ್‌ಸಿಎಂಡಿ

ಎಂದು ಕೊಟ್ಟು ಮತ್ತೆ ನೋಡಿ. ಎರಡು ಉತ್ತರ ಬೇರೆ ಬಂದರೆ ರೋಗ ಇದೇ. ಈ ಆದೇಶ ಮುಟ್ಟುವುದು ಮೆಮೊರಿಯನ್ನು ಮಾತ್ರ. ಸೇವ್‌ಎನ್ವ್ ಕೊಡದೆ ರೀಸೆಟ್ ಮಾಡಿದರೆ ಎಲ್ಲವೂ ಮೊದಲಿನಂತೆಯೇ. ಬದಲಾದದ್ದು ಬೂಟ್‌ಸಿಎಂಡಿ ಒಂದೇ ಆಗಿದ್ದರೆ ಇದರ ಬೆನ್ನಿಗೆ ಸೇವ್‌ಎನ್ವ್ ಕೊಟ್ಟು ಕೆಲಸ ಮುಗಿಸಬಹುದು. ಆದರೆ ಆ ಬೂಟ್‌ಸಿಎಂಡಿ ಬೇರೆ ವೇರಿಯಬಲ್‌ಗಳನ್ನು ಕರೆಯುತ್ತಿದ್ದರೆ, ಉದಾಹರಣೆಗೆ ರನ್ ಬೂಟ್‌_ಎರಡು ಎಂಬಂಥ ಕರೆ ಅದರಲ್ಲಿದ್ದರೆ, ಅವನ್ನೂ ಅದೇ ಆದೇಶದಲ್ಲಿ ಹೆಸರಿಸಬೇಕು. ಹೊಸ ಬೂಟ್‌ಸಿಎಂಡಿ ಹಳೆಯ ಸಹಾಯಕ ಸ್ಕ್ರಿಪ್ಟನ್ನು ಕರೆದು ಸಿಕ್ಕಿಬೀಳುವುದೇ ಅರೆಬೆರಕೆಯಲ್ಲಿ ಹೆಚ್ಚಾಗಿ ಕಾಣುವ ತೊಂದರೆ.

ಪ್ರಶ್ನೆ: ಮೂಲ ಮೌಲ್ಯಗಳೆಲ್ಲ ಹೊಸದಾಗಬೇಕು, ಆದರೆ ಮ್ಯಾಕ್ ವಿಳಾಸ, ಸೈಟ್‌ಐಡಿ, ಮೋಡೆಮ್ಮಿನ ಎಪಿಎನ್ (ಮೊಬೈಲ್ ಜಾಲ ಸೇರಲು ಬೇಕಾದ ಹೆಸರು) ಹಾಗೇ ಉಳಿಯಬೇಕು. ಕೈಯಿಂದ ಮಾಡುವ ಕ್ರಮ ತಿಳಿಸಿ. ಫೈಲ್‌ಸೈಜ್ ಬಳಸಿ ಮಾಡಿದಾಗ ಇಂಪೋರ್ಟ್ ವಿಫಲವಾಯಿತು. — ಓದುಗರು, ಸಾಗರ

ಕ್ರಮ ಹೀಗೆ: ಬೇಕಾದ್ದನ್ನು ಮೆಮೊರಿಯ ಒಂದು ಮೂಲೆಗೆ ಪಠ್ಯವಾಗಿ ಇಳಿಸಿ, ಎಲ್ಲವನ್ನೂ ಮೂಲಕ್ಕೆ ತಂದು, ಇಳಿಸಿಟ್ಟಿದ್ದನ್ನು ಮೇಲಿನಿಂದ ಸೇರಿಸುವುದು.

ಮೊದಲು ಪ್ರಿಂಟ್‌ಎನ್ವ್ ಲೋಡ್‌ಆಡ್ರ್ ಕೊಟ್ಟು ಅಲ್ಲಿ ಬರುವ ವಿಳಾಸವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದು 42000000 ಎಂದಿಟ್ಟುಕೊಳ್ಳೋಣ. ಯು-ಬೂಟ್ ಇಂಥ ಕಡೆ ಸಂಖ್ಯೆಗಳನ್ನು ಹದಿನಾರರ ಮೂಲದಲ್ಲೇ ಓದುತ್ತದೆ, ಮುಂದೆ ಏನೂ ಸೇರಿಸಬೇಕಿಲ್ಲ. ನಂತರ

ಎನ್ವ್ ಎಕ್ಸ್‌ಪೋರ್ಟ್ -ಟಿ 42000000 ಈಥ್‌ಆಡ್ರ್ ಸೈಟ್‌ಐಡಿ ಎಪಿಎನ್
ಎಂಡಿ.ಬಿ 42000000 100
ಎನ್ವ್ ಡಿಫಾಲ್ಟ್ -ಎಫ್ -ಎ
ಎನ್ವ್ ಇಂಪೋರ್ಟ್ -ಟಿ 42000000 -
ಪ್ರಿಂಟ್‌ಎನ್ವ್
ಸೇವ್‌ಎನ್ವ್

ಈಥ್‌ಆಡ್ರ್ ಎಂದರೆ ಮ್ಯಾಕ್ ವಿಳಾಸ. ಮೆಮೊರಿಯಲ್ಲಿರುವುದನ್ನು ತೋರಿಸುವ ಎರಡನೇ ಸಾಲನ್ನು ಬಿಡಬೇಡಿ. ಎಕ್ಸ್‌ಪೋರ್ಟ್‌ಗೆ ಕೊಟ್ಟ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಯು-ಬೂಟ್ ದೂರುವುದಿಲ್ಲ, ಆ ವೇರಿಯಬಲ್ಲನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಮೂರೂ ಮೌಲ್ಯ ಎಂಡಿ ತೋರಿಸುವ ಪಠ್ಯದಲ್ಲಿ ಕಣ್ಣಿಗೆ ಬಿದ್ದ ಮೇಲೆಯೇ ಮೂರನೇ ಸಾಲಿಗೆ ಹೋಗಿ.

ಫೈಲ್‌ಸೈಜ್ ಏಕೆ ಕೈಕೊಟ್ಟಿತು ಎಂದರೆ, ಅದೂ ಒಂದು ವೇರಿಯಬಲ್. ಎಕ್ಸ್‌ಪೋರ್ಟ್ ಅದನ್ನು ತುಂಬಿಸುತ್ತದೆ, ಮರುಕ್ಷಣ ಎನ್ವ್ ಡಿಫಾಲ್ಟ್ -ಎ ಅದನ್ನು ಅಳಿಸುತ್ತದೆ. ಲೋಡ್‌ಆಡ್ರ್ ಕೂಡ ಹೊಸ ಮೂಲದಲ್ಲಿ ಬೇರೆಯಾಗಿರಬಹುದು, ವಿಳಾಸವನ್ನು ಅಂಕಿಯಲ್ಲೇ ಕೊಡಿ ಎಂದಿದ್ದು ಅದಕ್ಕೆ. ಇಂಪೋರ್ಟಿನ ಕೊನೆಯಲ್ಲಿರುವ ಒಂಟಿ ಗೆರೆ ಗಾತ್ರದ ಜಾಗದಲ್ಲಿದೆ: ಗಾತ್ರ ಕೇಳಬೇಡ, ಕೊನೆಯ ಸೊನ್ನೆ ಬೈಟು ಸಿಗುವವರೆಗೆ ಓದು ಎಂದು ಅದರರ್ಥ.

-ಎಫ್ ಇಲ್ಲದಿದ್ದರೆ ಈಥ್‌ಆಡ್ರ್‌ನಂಥ 'ಒಮ್ಮೆ ಮಾತ್ರ ಬರೆಯಬಹುದು' ಎಂಬ ಗುರುತಿನ ವೇರಿಯಬಲ್ ಅಡ್ಡ ನಿಲ್ಲಬಹುದು. -ಎಫ್ ಕೊಟ್ಟರೆ ಅದು ಅಳಿಯುತ್ತದೆ. ಎಕ್ಸ್‌ಪೋರ್ಟ್ ಮೊದಲೇ ಆಗಿರಬೇಕೆಂಬ ಒತ್ತಾಯ ಈ ಕಾರಣಕ್ಕೆ.

ಇಂಪೋರ್ಟಿಗೆ -ಡಿ ಸೇರಿಸಲೇಬೇಡಿ. -ಡಿ ಇಲ್ಲದಿದ್ದರೆ ಇಂಪೋರ್ಟ್ ಎಂದರೆ ಬೆರೆಸುವಿಕೆ: ಒಂದೇ ಹೆಸರಿದ್ದಲ್ಲಿ ಒಳಬರುವುದು ಗೆಲ್ಲುತ್ತದೆ, ಉಳಿದವು ಇದ್ದಂತೆ ಇರುತ್ತವೆ. -ಡಿ ಇದ್ದು ವೇರಿಯಬಲ್ ಹೆಸರು ಕೊಡದಿದ್ದರೆ ಮೊದಲು ಎಲ್ಲವೂ ಅಳಿಯುತ್ತದೆ. ಆಗ ನಿಮ್ಮ ಬೋರ್ಡಿನಲ್ಲಿ ಉಳಿಯುವುದು ಆ ಮೂರೇ ವೇರಿಯಬಲ್, ಬೂಟ್‌ಸಿಎಂಡಿಯೂ ಇರದು.

ಇದಕ್ಕಿಂತ ಚಿಕ್ಕ ದಾರಿಯೂ ಒಂದಿದೆ. ಇತ್ತೀಚಿನ ಯು-ಬೂಟ್‌ಗಳಲ್ಲಿ ಎನ್ವ್ ಡಿಫಾಲ್ಟ್ -ಕೆ -ಎ ಎಂದರೆ, ಮೂಲ ಪಟ್ಟಿಯಲ್ಲಿರುವುದೆಲ್ಲ ಮೂಲಕ್ಕೆ ಮರಳುತ್ತದೆ, ಮೂಲ ಪಟ್ಟಿಯಲ್ಲಿ ಇಲ್ಲದ ವೇರಿಯಬಲ್‌ಗಳು ಉಳಿಯುತ್ತವೆ. ನಿಮ್ಮ ಸೈಟ್‌ಐಡಿ ಮೂಲ ಪಟ್ಟಿಯಲ್ಲಿ ಇಲ್ಲವಾದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ಮೂಲದಲ್ಲಿ ಸೈಟ್‌ಐಡಿಗೆ 'ಹೆಸರಿಲ್ಲ' ಎಂದೇನಾದರೂ ಬರೆದಿದ್ದರೆ ನಿಜವಾದ ಸೈಟ್‌ಐಡಿ ಹೋಯಿತೆಂದೇ ತಿಳಿಯಿರಿ. ಆಯಾ ಯಂತ್ರಕ್ಕೆ ಮಾತ್ರ ಸೇರಿದ ವೇರಿಯಬಲ್‌ಗಳಿಗೆ ಮೂಲ ಪಟ್ಟಿಯಲ್ಲಿ ಜಾಗವನ್ನೇ ಕೊಡದಿರುವುದು ಒಳ್ಳೆಯದೆಂದು ನಮ್ಮ ಖಚಿತ ಅಭಿಪ್ರಾಯ. -ಕೆ ದಾರಿಯ ಕೊರತೆ ಎಂದರೆ ವರ್ಷಗಳಿಂದ ಸೇರಿಕೊಂಡ ಹಳೆಯ ಕಸವೂ ಹಾಗೇ ಉಳಿಯುತ್ತದೆ.

ಪ್ರಶ್ನೆ: ಪ್ರತಿ ಬೋರ್ಡಿಗೂ ಕೈಯಿಂದ ಮಾಡುವ ಬದಲು ಯು-ಬೂಟ್ ತಾನೇ ಪ್ರತಿ ಬೂಟಿನಲ್ಲೂ ಮೂಲದ ಮೇಲೆ ಉಳಿಸಿದ್ದನ್ನು ಸೇರಿಸುವಂತೆ ಮಾಡಲು ಬರುತ್ತದೆಯೇ? ಕಾಲೇಜಿನ ಪ್ರಾಜೆಕ್ಟಿಗೆ ಬೇಕು. — ವಿದ್ಯಾರ್ಥಿ, ಶಿವಮೊಗ್ಗ

ಬರುತ್ತದೆ. 2020ರ ನಂತರದ ಯು-ಬೂಟ್‌ಗಳಲ್ಲಿ ಇದಕ್ಕೆ ಎರಡು ಬಿಲ್ಡ್ ಆಯ್ಕೆಗಳಿವೆ: ಕಾನ್ಫಿಗ್_ಎನ್ವ್_ಅಪೆಂಡ್ ಮತ್ತು ಕಾನ್ಫಿಗ್_ಎನ್ವ್_ರೈಟಬಲ್_ಲಿಸ್ಟ್. ಎರಡನೆಯದರ ಇಂಗ್ಲಿಷ್ ಕಾಗುಣಿತದಲ್ಲಿ 'ರೈಟ್' ಪದದ ಕೊನೆಯ ಇ ಅಕ್ಷರ ಹಾಗೇ ಉಳಿದಿದೆ. ಅದನ್ನು ಬಿಟ್ಟು ಹುಡುಕಿದರೆ ಮೆನುವಿನಲ್ಲಿ ಸಿಗುವುದಿಲ್ಲ.

ಅಪೆಂಡ್ ಹಾಕಿದರೆ ಪಟ್ಟಿಯನ್ನು ಖಾಲಿ ಮಾಡುವ ಹೆಜ್ಜೆ ತಪ್ಪುತ್ತದೆ. ಹೊಸದಾಗಿ ಓದಿದ್ದು ಇರುವುದರ ಮೇಲೆ ಸೇರುತ್ತದೆ. ಅಷ್ಟರಿಂದಲೇ ಬೆರಕೆ ಸರಿಯಾಗುವುದಿಲ್ಲ, ಓದುವ ಕ್ರಮವೂ ಸರಿಯಿರಬೇಕು. ಎನ್ವ್_ಈಸ್_ನೋವೇರ್ ಆಯ್ಕೆ ಮೂಲ ಪಟ್ಟಿಯನ್ನು ತುಂಬುವ ಜಾಗ. ಯು-ಬೂಟ್‌ನ ಸಹಜ ಸಾಲಿನಲ್ಲಿ ಅದು ಕೊನೆಗೆ ಇದೆ, ನಿಮಗೆ ಅದು ಮೊದಲು ಬೇಕು. ಬೋರ್ಡಿನ ಸಿ ಫೈಲಿನಲ್ಲಿ ಎನ್ವ್_ಗೆಟ್_ಲೊಕೇಷನ್ ಎಂಬ ಫಂಕ್ಷನ್ನನ್ನು ನೀವೇ ಬರೆಯಬೇಕು: ಆದ್ಯತೆ 0 ಕೇಳಿದಾಗ ನೋವೇರ್, 1 ಕೇಳಿದಾಗ ಎಂಎಂಸಿ (ಇಎಂಎಂಸಿ ಅಥವಾ ಎಸ್‌ಡಿ ಕಾರ್ಡ್), ಅದರಾಚೆಗೆ ಅನ್‌ನೋನ್. ಆ ಫಂಕ್ಷನ್ನಿಗೆ ಯಾವ ಕೆಲಸಕ್ಕೆ ಕೇಳುತ್ತಿದ್ದಾರೆ ಎಂಬುದೂ ಬರುತ್ತದೆ; ಕೆಲಸ 'ಸೇವ್' ಆಗಿದ್ದರೆ ಆದ್ಯತೆ ಏನೇ ಇರಲಿ ಎಂಎಂಸಿಯನ್ನೇ ಹಿಂದಿರುಗಿಸಿ. ಇಲ್ಲವಾದರೆ ಹೊಸ ಬೋರ್ಡಿನಲ್ಲಿ ಎಂಎಂಸಿ ಓದು ವಿಫಲವಾಗಿ ನೋವೇರ್ ಮಾತ್ರ ಯಶಸ್ವಿಯಾದಾಗ, ಸೇವ್‌ಎನ್ವ್‌ಗೆ ಬರೆಯಲು ಜಾಗವೇ ಸಿಗುವುದಿಲ್ಲ.

ಇಷ್ಟಾದರೂ ಅಪೆಂಡ್ ಒಂದರಿಂದ ತೀರ್ಥಹಳ್ಳಿಯವರ ಸಮಸ್ಯೆ ಬಗೆಹರಿಯುವುದಿಲ್ಲ. ಹೊಸದಾಗಿ ಸೇರಿದ ವೇರಿಯಬಲ್‌ಗಳು ಕಾಣಿಸುತ್ತವೆ, ಸರಿ. ಆದರೆ ಹಳೆಯ ಬೂಟ್‌ಸಿಎಂಡಿ ಉಳಿಸಿದ ಪ್ರತಿಯಲ್ಲಿ ಇನ್ನೂ ಇದೆ, ಮೇಲಿನಿಂದ ಬಂದು ಹೊಸದನ್ನು ಮುಚ್ಚುತ್ತದೆ. ಅದಕ್ಕೇ ಎರಡನೇ ಆಯ್ಕೆ. ರೈಟಬಲ್ ಲಿಸ್ಟ್ ಹಾಕಿದಾಗ, ಡಬ್ಲ್ಯೂ ಗುರುತು ಪಡೆದ ವೇರಿಯಬಲ್‌ಗಳನ್ನು ಮಾತ್ರ ಉಳಿಸಿದ ಪ್ರತಿಯಿಂದ ಒಳಕ್ಕೆ ಬಿಡಲಾಗುತ್ತದೆ. ಉಳಿದದ್ದೆಲ್ಲ ಬಾಗಿಲಲ್ಲೇ ನಿಲ್ಲುತ್ತದೆ. ಸೇವ್‌ಎನ್ವ್ ಇಡೀ ಪಟ್ಟಿಯನ್ನೇ ಬರೆದಿದ್ದರೂ ಚಿಂತೆಯಿಲ್ಲ, ಓದುವಾಗ ಸೋಸುತ್ತದೆ.

ಗುರುತು ಕೊಡುವುದು ಬೋರ್ಡಿನ ಹೆಡರ್ ಫೈಲಿನಲ್ಲಿರುವ ಎನ್ವ್_ಫ್ಲಾಗ್ಸ್_ಲಿಸ್ಟ್_ಸ್ಟಾಟಿಕ್ ಸಾಲಿನಲ್ಲಿ. ಹೆಸರು, ಕೋಲನ್, ಎರಡಕ್ಷರ: ಮೊದಲನೆಯದು ಬಗೆ, ಎರಡನೆಯದು ಹಕ್ಕು. ಬಗೆಯಲ್ಲಿ ಎಸ್ ಎಂದರೆ ಪಠ್ಯ, ಡಿ ದಶಮಾಂಶ, ಎಕ್ಸ್ ಹದಿನಾರರ ಮೂಲ, ಬಿ ಹೌದು-ಅಲ್ಲ, ಐ ಐಪಿ ವಿಳಾಸ, ಎಂ ಮ್ಯಾಕ್ ವಿಳಾಸ. ಮಳೆಮಾಪಕದ ಬೋರ್ಡಿಗೆ ಸಾಲು ಹೀಗಿರಬಹುದು:

ಸೈಟ್‌ಐಡಿ:ಎಸ್‌ಡಬ್ಲ್ಯೂ, ಎಪಿಎನ್:ಎಸ್‌ಡಬ್ಲ್ಯೂ, ಬೂಟ್‌ಕೌಂಟ್:ಡಿಡಬ್ಲ್ಯೂ, ಅಪ್‌ಗ್ರೇಡ್_ಅವೈಲಬಲ್:ಡಿಡಬ್ಲ್ಯೂ

ಕೊನೆಯ ಎರಡನ್ನು ಮರೆಯುವವರು ಬಹಳ. ಅಪ್‌ಡೇಟ್ ಕೆಟ್ಟರೆ ಹಿಂದಿನ ಆವೃತ್ತಿಗೆ ಮರಳುವ ವ್ಯವಸ್ಥೆ ನಿಂತಿರುವುದೇ ಅವುಗಳ ಮೇಲೆ. ಬೂಟ್‌ಕೌಂಟ್ ಎನ್ವಿರಾನ್‌ಮೆಂಟಿನಲ್ಲಿದ್ದರೆ, ಅಪ್‌ಗ್ರೇಡ್_ಅವೈಲಬಲ್ 1 ಇರುವಾಗ ಮಾತ್ರ ಪ್ರತಿ ಬೂಟಿನಲ್ಲಿ ಎಣಿಕೆ ಏರಿ ಉಳಿಯುತ್ತದೆ. ಅದು ಬೂಟ್‌ಲಿಮಿಟ್ ದಾಟಿದರೆ ಬೂಟ್‌ಸಿಎಂಡಿ ಬದಲು ಆಲ್ಟ್‌ಬೂಟ್‌ಸಿಎಂಡಿ ಓಡುತ್ತದೆ. ಈ ಎರಡು ವೇರಿಯಬಲ್‌ಗಳಿಗೆ ಡಬ್ಲ್ಯೂ ಇಲ್ಲದಿದ್ದರೆ ಎಣಿಕೆ ಪ್ರತಿ ಸಲ ಮೊದಲಿನಿಂದ ಶುರುವಾಗಿ, ಕೆಟ್ಟ ಕರ್ನಲ್ಲಿನೊಂದಿಗೆ ಬೋರ್ಡು ಸುತ್ತುತ್ತಲೇ ಇರುತ್ತದೆ. ಬೂಟ್‌ಲಿಮಿಟ್ ಮತ್ತು ಆಲ್ಟ್‌ಬೂಟ್‌ಸಿಎಂಡಿ ಮಾತ್ರ ಮೂಲದಲ್ಲೇ ಇರಲಿ, ಡಬ್ಲ್ಯೂ ಬೇಡ. ಉಳಿಸಿದ ಪ್ರತಿ ಪೂರ್ತಿ ಹಾಳಾದ ದಿನವೂ ಅವು ಕೈಗೆ ಸಿಗಬೇಕು.

ಪರೀಕ್ಷೆ ಸುಲಭ. ಸೆಟ್‌ಎನ್ವ್ ಕೊಟ್ಟು ಬೂಟ್‌ಡಿಲೇ ಬದಲಿಸಿ, ಸೈಟ್‌ಐಡಿಯನ್ನೂ ಬದಲಿಸಿ, ಸೇವ್‌ಎನ್ವ್, ರೀಸೆಟ್. ಸೈಟ್‌ಐಡಿ ಹೊಸದಾಗಿಯೂ ಬೂಟ್‌ಡಿಲೇ ಮೂಲದ್ದಾಗಿಯೂ ಬಂದರೆ ಜೋಡಣೆ ಸರಿಯಿದೆ. ನಂತರ ಬೈನರಿಯಲ್ಲಿ ಬೂಟ್‌ಸಿಎಂಡಿಯನ್ನು ಸ್ವಲ್ಪ ಬದಲಿಸಿ ಮತ್ತೆ ಹಾಕಿ ನೋಡಿ; ಪ್ರಾಜೆಕ್ಟ್ ವರದಿಗೆ ಬೇಕಾದ ನಿಜವಾದ ಪುರಾವೆ ಅದು.

ಮೂಲ ಪಟ್ಟಿಯನ್ನು ಹೆಡರಿನ ಉದ್ದುದ್ದ ಸ್ಟ್ರಿಂಗ್‌ಗಳಲ್ಲಿ ಬರೆಯುವ ಕಾಲ ಹೋಯಿತು. ಬೋರ್ಡಿನ ಫೋಲ್ಡರಿನಲ್ಲಿ ಡಾಟ್ ಎನ್ವ್ ಕೊನೆಯ ಪಠ್ಯ ಫೈಲ್ ಇಟ್ಟರೆ ಯು-ಬೂಟ್ ಅದನ್ನೇ ಮೂಲವೆಂದು ಸೇರಿಸಿಕೊಳ್ಳುತ್ತದೆ. ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತೆಂದು ನೋಡಲು ಅದು ಎಷ್ಟೋ ಅನುಕೂಲ.

ಪ್ರಶ್ನೆ: ಅಪೆಂಡ್ ಹಾಕಿದ ಬೋರ್ಡಿನಲ್ಲಿ ಒಂದು ವೇರಿಯಬಲ್ ಅಳಿಸಿ ಸೇವ್‌ಎನ್ವ್ ಮಾಡಿದರೂ ರೀಸೆಟ್ ಆದ ಮೇಲೆ ಮತ್ತೆ ಬರುತ್ತದೆ. — ಓದುಗರು, ಸೊರಬ

ಬರಲೇಬೇಕು. ಉಳಿಸಿದ ಪ್ರತಿಯಲ್ಲಿ ಸೇವ್‌ಎನ್ವ್ 'ಇದು ಇಲ್ಲ' ಎಂದು ಬರೆಯುವುದಿಲ್ಲ. ಅಲ್ಲಿ ಹೆಸರು ಇಲ್ಲದಿದ್ದರೆ ಮೂಲದ್ದು ಉಳಿಯುತ್ತದೆ. ಖಾಲಿ ಮೌಲ್ಯ ಕೊಡುವುದೂ ಯು-ಬೂಟ್‌ನಲ್ಲಿ ಅಳಿಸಿದಂತೆಯೇ. ಹಾಗಾಗಿ ಆ ವೇರಿಯಬಲ್‌ಗೆ ಡಬ್ಲ್ಯೂ ಗುರುತು ಕೊಟ್ಟು, 'ಆಫ್' ಎಂಬ ಮೌಲ್ಯವನ್ನು ಉಳಿಸಿ, ಸ್ಕ್ರಿಪ್ಟಿನಲ್ಲಿ ಇದೆಯೇ ಇಲ್ಲವೇ ಎಂದು ನೋಡುವ ಬದಲು ಮೌಲ್ಯ 'ಆಫ್' ಹೌದೇ ಎಂದು ನೋಡಿ.

ಪ್ರಶ್ನೆ: ಆಗುಂಬೆ ಕಡೆಯ ಮಳೆಮಾಪಕಗಳಲ್ಲಿ ಮಳೆಗಾಲಕ್ಕೊಮ್ಮೆ ಒಂದೆರಡು ಬೋರ್ಡು ಸೈಟ್‌ಐಡಿ ಮರೆತು 'ಬ್ಯಾಡ್ ಸಿಆರ್‌ಸಿ' ತೋರಿಸುತ್ತವೆ. ಸೋಲಾರ್ ಮತ್ತು 12 ವೋಲ್ಟ್ ಬ್ಯಾಟರಿ ಮೇಲೆ ಓಡುತ್ತವೆ. ಬೂಟ್‌ಸಿಎಂಡಿಯ ಕೊನೆಯಲ್ಲಿ ಎಣಿಕೆಗೆಂದು ಸೇವ್‌ಎನ್ವ್ ಇದೆ. ಕಾರ್ಡ್ ಕೆಟ್ಟಿದೆಯೇ? — ಓದುಗರು, ಹೊಸನಗರ

ಕಾರ್ಡಿನ ಮೇಲೆ ಸಂಶಯ ಪಡುವ ಮೊದಲು ಆ ಸೇವ್‌ಎನ್ವ್ ತೆಗೆಯಿರಿ.

ಜೂನ್‌ನಿಂದ ಆಗಸ್ಟ್‌ವರೆಗೆ ಆ ಭಾಗದಲ್ಲಿ ಬಿಸಿಲು ಕಾಣುವುದೇ ಅಪರೂಪ. ಬ್ಯಾಟರಿ ಇಳಿಯುತ್ತದೆ, ಬೋರ್ಡು ಏಳುತ್ತದೆ, ಮೋಡೆಮ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಬೀಳುತ್ತದೆ, ಮತ್ತೆ ಏಳುತ್ತದೆ. ಪ್ರತಿ ಸುತ್ತಿನಲ್ಲೂ ಒಂದು ಬರವಣಿಗೆ. ಇಂಥ ಒಂದು ಕುಸಿತ ಬರೆಯುವ ನಡುವೆಯೇ ಆದರೆ ಅರ್ಧ ಹೊಸದು, ಅರ್ಧ ಹಳೆಯದು; ಸಿಆರ್‌ಸಿ ತಾಳೆಯಾಗುವುದಿಲ್ಲ, ಇಡೀ ಪ್ರತಿ ತಿರಸ್ಕೃತವಾಗುತ್ತದೆ. ಎಸ್‌ಪಿಐ ನಾರ್ ಫ್ಲಾಶ್ ಆಗಿದ್ದರೆ ಇನ್ನೂ ಕಷ್ಟ, ಅಲ್ಲಿ ಮೊದಲು ಅಳಿಸಿ ಆಮೇಲೆ ಬರೆಯುವುದು. ಅಂಥ ಫ್ಲಾಶಿನ ಒಂದು ಸೆಕ್ಟರ್ ತಾಳುವುದು ಸಾಮಾನ್ಯವಾಗಿ 1,00,000 ಅಳಿಸುವಿಕೆ, ಬಿದ್ದು ಏಳುವ ಬೋರ್ಡು ಅದನ್ನು ವ್ಯರ್ಥವಾಗಿ ತಿನ್ನುತ್ತದೆ. ಎಣಿಕೆ ಬೇಕಿದ್ದರೆ ಮೇಲೆ ಹೇಳಿದ ಬೂಟ್‌ಕೌಂಟ್ ಬಳಸಿ, ಅದು ಅಪ್‌ಗ್ರೇಡ್ ವೇಳೆ ಬಿಟ್ಟು ಉಳಿದ ಸಮಯದಲ್ಲಿ ಬರೆಯುವುದಿಲ್ಲ. ಜೊತೆಗೆ ಚಾರ್ಜ್ ಕಂಟ್ರೋಲರಿನ ಕಡಿತದ ಮಿತಿ 11.1 ವೋಲ್ಟ್ ಆಸುಪಾಸಿನಲ್ಲಿ ಇದೆಯೇ ನೋಡಿ. ಬೋರ್ಡನ್ನು ನೇರ ಬ್ಯಾಟರಿಗೆ ಕಟ್ಟಿದ್ದರೆ ಕಂಟ್ರೋಲರಿನ ಲೋಡ್ ಕೊಂಡಿಗೆ ವರ್ಗಾಯಿಸಿ. ಅರೆಜೀವದಲ್ಲಿ ನರಳುವುದಕ್ಕಿಂತ ಪೂರ್ತಿ ಆರಿ, ಬ್ಯಾಟರಿ ತುಂಬಿದ ಮೇಲೆ ಏಳುವುದು ಬೋರ್ಡಿಗೆ ಕ್ಷೇಮ.

ಮೂಲ ಪರಿಹಾರ ಜೋಡಿ ಪ್ರತಿ. ರಿಡಂಡೆಂಟ್ ಎನ್ವಿರಾನ್‌ಮೆಂಟ್ ಆಯ್ಕೆ ಹಾಕಿ ಎರಡು ಬೇರೆ ಜಾಗ ಕೊಟ್ಟರೆ ಯು-ಬೂಟ್ ಒಮ್ಮೆ ಇದಕ್ಕೆ, ಇನ್ನೊಮ್ಮೆ ಅದಕ್ಕೆ ಬರೆಯುತ್ತದೆ. ಸಿಆರ್‌ಸಿಯ ಪಕ್ಕ 1 ಬೈಟಿನ ಗುರುತು ಯಾವುದು ಹೊಸದೆಂದು ಹೇಳುತ್ತದೆ. ಬರೆಯುವಾಗ ಕರೆಂಟ್ ಹೋದರೆ ಹಿಂದಿನ ಪ್ರತಿ ಇಡಿಯಾಗಿ ಉಳಿದಿರುತ್ತದೆ. ಸೈಟಿನಲ್ಲಿ ಕೈಯಾರೆ ಬದಲಿಸಿದಾಗ ಸೇವ್‌ಎನ್ವ್ ಅನ್ನು ಎರಡು ಸಲ ಕೊಡಿ, ಎರಡೂ ಪ್ರತಿಯಲ್ಲಿ ಒಂದೇ ಮೌಲ್ಯ ಕೂರುತ್ತದೆ.

ಆದರೆ ಇದನ್ನು ಈಗ ಓಡುತ್ತಿರುವ ಬೋರ್ಡುಗಳಿಗೆ ಸುಮ್ಮನೆ ಅಪ್‌ಡೇಟಿನಲ್ಲಿ ಕಳಿಸಬೇಡಿ. ಆ 1 ಬೈಟಿನಿಂದಾಗಿ ತಲೆಭಾಗ 4ರಿಂದ 5 ಬೈಟಿಗೆ ಬೆಳೆಯುತ್ತದೆ, ಹಳೆಯ ಪ್ರತಿ ಹೊಸ ಯು-ಬೂಟ್ ಕಣ್ಣಿಗೆ ಹಾಳಾದದ್ದಾಗಿ ಕಾಣುತ್ತದೆ. ಎನ್ವ್_ಸೈಜ್ ಬದಲಿಸಿದರೂ ಇದೇ ಗತಿ: ಸಿಆರ್‌ಸಿ ಲೆಕ್ಕ ಹಾಕುವುದು ತುಂಬಿದ ಭಾಗಕ್ಕಲ್ಲ, ಇಡೀ ಗಾತ್ರಕ್ಕೆ. ಗಾತ್ರ, ಜಾಗ, ಜೋಡಿ ಪ್ರತಿ, ಈ ಮೂರರಲ್ಲಿ ಯಾವುದನ್ನು ಮುಟ್ಟಿದರೂ ಉಳಿಸಿದ್ದೆಲ್ಲ ಹೋಗುತ್ತದೆ ಎಂದೇ ಲೆಕ್ಕ ಹಿಡಿದು, ಮುಂದಿನ ಉತ್ತರದಲ್ಲಿರುವಂತೆ ಲಿನಕ್ಸ್ ಕಡೆಯಿಂದ ಹೊಸ ರೂಪದಲ್ಲಿ ಬರೆಯಬೇಕು.

ಎರಡನೇ ಪ್ರತಿಗೆ ಜಾಗ ಹುಡುಕುವಾಗ ಯು-ಬೂಟ್ ಬೈನರಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಬೈನರಿ ಆವೃತ್ತಿಯಿಂದ ಆವೃತ್ತಿಗೆ ಬೆಳೆಯುತ್ತದೆ. ಅದರ ಬಾಲ ಎನ್ವಿರಾನ್‌ಮೆಂಟಿನ ಜಾಗ ಮುಟ್ಟಿದರೆ ಮೊದಲ ಸೇವ್‌ಎನ್ವ್ ಯು-ಬೂಟನ್ನೇ ಕೆಡಿಸುತ್ತದೆ, ಬೋರ್ಡು ಮತ್ತೆ ಏಳುವುದಿಲ್ಲ. ನಾರ್ ಫ್ಲಾಶಿನಲ್ಲಿ ಎರಡು ಪ್ರತಿ ಬೇರೆ ಬೇರೆ ಸೆಕ್ಟರಿನಲ್ಲಿ ಇರಲೇಬೇಕು. ಒಂದೇ ಸೆಕ್ಟರಿನಲ್ಲಿಟ್ಟರೆ ಒಂದನ್ನು ಅಳಿಸುವಾಗ ಇನ್ನೊಂದೂ ಹೋಗುತ್ತದೆ.

ಪ್ರಶ್ನೆ: ಸೈಟುಗಳು ಘಟ್ಟದ ಮೇಲೆ ಚದುರಿವೆ, ಸೀರಿಯಲ್ ತಂತಿ ಹಿಡಿದು ಎಲ್ಲ ಕಡೆ ಹೋಗಲು ಆಗದು. ದೂರದಿಂದ ಲಿನಕ್ಸ್ ಪ್ರವೇಶಿಸುವ ಎಸ್‌ಎಸ್‌ಎಚ್ ಮಾತ್ರ ಇದೆ. ಲಿನಕ್ಸಿನಿಂದಲೇ ಎನ್ವಿರಾನ್‌ಮೆಂಟ್ ಬದಲಿಸುವ ಎಫ್‌ಡಬ್ಲ್ಯೂ_ಸೆಟ್‌ಎನ್ವ್ ಬಳಸಿ ಬೆರೆಸಬಹುದೇ? ಒಂದು ಬೋರ್ಡಿನಲ್ಲಿ ಒಂದೇ ವೇರಿಯಬಲ್ ಬದಲಿಸಿದ್ದಕ್ಕೆ ಬೂಟೇ ನಿಂತಿತು. — ಓದುಗರು, ಭದ್ರಾವತಿ

ಬೂಟ್ ನಿಂತದ್ದಕ್ಕೆ ಕಾರಣ ಬಹುತೇಕ ಇದು: ಆ ಬೋರ್ಡಿನಲ್ಲಿ ಉಳಿಸಿದ ಪ್ರತಿ ಇರಲಿಲ್ಲ, ಅಥವಾ ಎಫ್‌ಡಬ್ಲ್ಯೂ_ಎನ್ವ್.ಕಾನ್ಫಿಗ್ ತಪ್ಪು ಜಾಗ ತೋರಿಸುತ್ತಿತ್ತು. ಆಗ ಲಿನಕ್ಸಿನ ಉಪಕರಣವೂ 'ಬ್ಯಾಡ್ ಸಿಆರ್‌ಸಿ' ಎಂದು ಎಚ್ಚರಿಸಿ ಒಂದು ಮೂಲ ಪಟ್ಟಿಯನ್ನು ಕೈಗೆತ್ತಿಕೊಳ್ಳುತ್ತದೆ. ಅದು ನಿಮ್ಮ ಬೋರ್ಡಿನ ಯು-ಬೂಟ್‌ನ ಮೂಲವಲ್ಲ, ಆ ಉಪಕರಣವನ್ನು ಬಿಲ್ಡ್ ಮಾಡಿದಾಗ ಅದರೊಳಗೆ ಸೇರಿದ ಮೂಲ. ನಿಮ್ಮ ಒಂದು ಬದಲಾವಣೆಯನ್ನು ಅದರ ಮೇಲೆ ಹಾಕಿ ಸರಿಯಾದ ಸಿಆರ್‌ಸಿಯೊಂದಿಗೆ ಬರೆಯುತ್ತದೆ. ಮುಂದಿನ ಬೂಟಿನಲ್ಲಿ ಯು-ಬೂಟ್ ಅದನ್ನು ಪೂರ್ತಿ ನಂಬುತ್ತದೆ.

ಆದ್ದರಿಂದ ಎಫ್‌ಡಬ್ಲ್ಯೂ_ಪ್ರಿಂಟ್‌ಎನ್ವ್ ಎಚ್ಚರಿಕೆ ತೋರಿಸುತ್ತಿರುವಾಗ ಎಫ್‌ಡಬ್ಲ್ಯೂ_ಸೆಟ್‌ಎನ್ವ್ ಮುಟ್ಟಬಾರದು. ಮೊದಲು ಕಾನ್ಫಿಗ್ ಫೈಲ್ ಸರಿಮಾಡಿ: ಸಾಲಿನಲ್ಲಿ ಡಿವೈಸ್ ಅಥವಾ ಫೈಲ್ ಹೆಸರು, ಆಫ್‌ಸೆಟ್, ಗಾತ್ರ; ಬರೇ ಫ್ಲಾಶ್ ಆದರೆ ಸೆಕ್ಟರ್ ಗಾತ್ರವೂ. ಜೋಡಿ ಪ್ರತಿ ಇದ್ದರೆ ಎರಡು ಸಾಲು, ಒಂದೇ ಇದ್ದರೆ ಒಂದೇ ಸಾಲು. ಸಂಖ್ಯೆಗಳನ್ನು ಸೊನ್ನೆ-ಎಕ್ಸ್ ಸೇರಿಸಿ ಹದಿನಾರರ ಮೂಲದಲ್ಲೇ ಬರೆಯಿರಿ. ರಾಸ್‌ಬೆರಿ ಪೈ ಆದರೆ ಬೂಟ್ ಪಾರ್ಟಿಷನ್ನಿನ ಯುಬೂಟ್.ಎನ್ವ್ ಫೈಲ್, ಆಫ್‌ಸೆಟ್ 0, ಗಾತ್ರ 16 ಕೆಬಿ, ಅಂದರೆ ಹದಿನಾರರ ಮೂಲದಲ್ಲಿ 4000.

ಹೊಸ ಯು-ಬೂಟ್ ಬಿಲ್ಡ್ ಮಾಡುವಾಗಲೇ ಮೇಕ್ ಯು-ಬೂಟ್-ಇನಿಷಿಯಲ್-ಎನ್ವ್ ಕೊಟ್ಟು ಅದರ ಮೂಲ ಪಟ್ಟಿಯನ್ನು ಪಠ್ಯವಾಗಿ ತೆಗೆದಿಡಿ, ಅಪ್‌ಡೇಟಿನ ಜೊತೆ ಬೋರ್ಡಿಗೆ ಕಳಿಸಿ. ಇದೇ ಎಫ್‌ಡಬ್ಲ್ಯೂ ಆದೇಶಗಳನ್ನು ಕೊಡುವ ಇನ್ನೊಂದು ಉಪಕರಣ ಲಿಬ್‌ಯುಬೂಟ್‌ಎನ್ವ್ ಬಳಸುವವರು ಈ ಫೈಲನ್ನು ಇಟಿಸಿ ಫೋಲ್ಡರಿನಲ್ಲಿ ಇದೇ ಹೆಸರಿನಲ್ಲಿಟ್ಟರೆ, ಉಳಿಸಿದ ಪ್ರತಿ ಸಿಗದಾಗ ಅದು ಇದನ್ನೇ ಮೂಲವೆಂದು ಬಳಸುತ್ತದೆ. ಮೇಲಿನ ಅಪಾಯ ಅಲ್ಲಿಗೆ ತಪ್ಪಿತು.

ಬೆರೆಸುವ ಕೆಲಸ ಬೋರ್ಡಿನಲ್ಲಿ ಹೀಗೆ. ಎಫ್‌ಡಬ್ಲ್ಯೂ_ಪ್ರಿಂಟ್‌ಎನ್ವ್ ಕೊಟ್ಟದ್ದನ್ನೆಲ್ಲ ಒಂದು ಫೈಲಿಗೆ ಹಾಕಿ. ಅದು ಬ್ಯಾಕಪ್, ಅಳಿಸಬೇಡಿ. ಅದರಿಂದ ಸೈಟ್‌ಐಡಿ, ಎಪಿಎನ್, ಈಥ್‌ಆಡ್ರ್ ಸಾಲುಗಳನ್ನು ಗ್ರೆಪ್ ಮಾಡಿ ಎರಡನೇ ಫೈಲಿಗೆ ತೆಗೆಯಿರಿ, ಸಾಲಿನ ಆರಂಭಕ್ಕೆ ಕಟ್ಟಿ ಹುಡುಕಿ, ಇಲ್ಲವಾದರೆ ಬೇರೆ ಸ್ಕ್ರಿಪ್ಟಿನೊಳಗೆ ಬರುವ ಅದೇ ಹೆಸರೂ ಸಿಕ್ಕಿಬೀಳುತ್ತದೆ. ಇನಿಷಿಯಲ್-ಎನ್ವ್ ಪಟ್ಟಿಯಿಂದ ಆ ಹೆಸರುಗಳ ಸಾಲು ತೆಗೆದು, ಎರಡನೇ ಫೈಲನ್ನು ಅದರ ಕೆಳಗೆ ಸೇರಿಸಿ. ಇಲ್ಲಿ ಎರಡು ಕಡೆ ಕಣ್ಣಿರಲಿ. ಎರಡನೇ ಫೈಲಿನಲ್ಲಿ ನಿಜವಾಗಿ ಸಿಕ್ಕ ಹೆಸರುಗಳನ್ನು ಮಾತ್ರ ಮೂಲದಿಂದ ತೆಗೆಯಿರಿ, ಇಲ್ಲವಾದರೆ ಎರಡೂ ಕಡೆ ಇಲ್ಲದಂತಾಗುತ್ತದೆ. ಒಂದೇ ಹೆಸರು ಎರಡು ಸಲ ಬರಲೂ ಬಾರದು: ಯು-ಬೂಟ್ ಕೊನೆಯದನ್ನು ಹಿಡಿಯುತ್ತದೆ, ಎಫ್‌ಡಬ್ಲ್ಯೂ_ಪ್ರಿಂಟ್‌ಎನ್ವ್ ಎರಡನ್ನೂ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಆ ಪಠ್ಯವನ್ನು ಎಂಕೆಎನ್ವ್‌ಇಮೇಜ್ ಎಂಬ ಉಪಕರಣ ಬೈನರಿ ರೂಪಕ್ಕೆ ತರುತ್ತದೆ. -ಎಸ್ ಜೊತೆ ಗಾತ್ರ, ಜೋಡಿ ಪ್ರತಿ ಇದ್ದರೆ -ಆರ್. ಗಾತ್ರ ಹೊಸ ಯು-ಬೂಟ್‌ನ ಎನ್ವ್_ಸೈಜ್‌ಗೆ ಬೈಟು ಬಿಡದಂತೆ ಸಮವಿರಬೇಕು. ಒಂದು ಪ್ರತಿಯನ್ನು ಬರೆದು, ಸಿಂಕ್ ಕೊಟ್ಟು, ಮತ್ತೆ ಓದಿ ಹೋಲಿಸಿ, ಆಮೇಲೆ ಎರಡನೆಯದು. ಗಾತ್ರ ಮತ್ತು ರೂಪ ಹಳೆಯದೇ ಆಗಿದ್ದು, ಬದಲಾಗಬೇಕಾದ ವೇರಿಯಬಲ್‌ಗಳು ನಾಲ್ಕೈದೇ ಇದ್ದರೆ ಇಷ್ಟೆಲ್ಲ ಬೇಡ: ಅವನ್ನು ಒಂದು ಫೈಲಿನಲ್ಲಿ ಬರೆದು ಎಫ್‌ಡಬ್ಲ್ಯೂ_ಸೆಟ್‌ಎನ್ವ್ -ಎಸ್ ಕೊಡಿ. ಎಲ್ಲ ಸಾಲೂ ಸೇರಿ ಒಂದೇ ಬರವಣಿಗೆಯಾಗುತ್ತದೆ. ಯು-ಬೂಟ್ ಜೊತೆ ಬರುವ ಉಪಕರಣಕ್ಕೆ ಹೆಸರು ಮತ್ತು ಮೌಲ್ಯದ ನಡುವೆ ಖಾಲಿ ಜಾಗ, ಲಿಬ್‌ಯುಬೂಟ್‌ಎನ್ವ್‌ಗೆ ಸಮ ಚಿಹ್ನೆ.

ಈ ಕೆಲಸವನ್ನು ಯು-ಬೂಟ್ ಸ್ಕ್ರಿಪ್ಟಿಗೇ ಒಪ್ಪಿಸಿ, 'ಆವೃತ್ತಿ ಬದಲಾಗಿದ್ದರೆ ಬೆರೆಸು' ಎಂದು ಹೊಸ ಬೂಟ್‌ಸಿಎಂಡಿಯಲ್ಲಿ ಬರೆಯುವವರಿದ್ದಾರೆ. ಹಳೆಯ ಬೋರ್ಡಿನಲ್ಲಿ ಅದು ಓಡುವುದೇ ಇಲ್ಲ, ಏಕೆಂದರೆ ಅಲ್ಲಿ ಓಡುವುದು ಉಳಿಸಿದ ಹಳೆಯ ಬೂಟ್‌ಸಿಎಂಡಿ. ಪ್ರಿಬೂಟ್ ಕೂಡ ಎನ್ವಿರಾನ್‌ಮೆಂಟಿನದ್ದೇ ಆದ್ದರಿಂದ ಅಲ್ಲಿಯೂ ಇದೇ ಕಥೆ. ಮೊದಲ ವಲಸೆ ಲಿನಕ್ಸಿನಿಂದಲೇ ಆಗಬೇಕು. ಅದೇ ಅಪ್‌ಡೇಟಿನಲ್ಲಿ ಅಪೆಂಡ್ ಮತ್ತು ರೈಟಬಲ್ ಲಿಸ್ಟ್ ಇರುವ ಯು-ಬೂಟ್ ಹಾಕಿಬಿಟ್ಟರೆ ಮುಂದಿನ ಅಪ್‌ಡೇಟುಗಳಲ್ಲಿ ಬೆರೆಸುವ ಕೆಲಸವೇ ಇರುವುದಿಲ್ಲ. ಘಟ್ಟದ ಸೈಟುಗಳಿಗೆ ಕಳಿಸುವ ಮೊದಲು, ತೋಟದಿಂದ ತಂದ ನಿಜವಾದ ಹಳೆಯ ಎನ್ವಿರಾನ್‌ಮೆಂಟಿನ ಪ್ರತಿಯನ್ನು ಮೇಜಿನ ಬೋರ್ಡಿಗೆ ಹಾಕಿ ಪರೀಕ್ಷಿಸಿ. ಖಾಲಿ ಬೋರ್ಡಿನಲ್ಲಿ ಪರೀಕ್ಷಿಸಿದರೆ ತೀರ್ಥಹಳ್ಳಿಯವರಿಗೆ ಆದಂತೆ ಎಲ್ಲವೂ ಸರಿಯೆಂದೇ ಕಾಣುತ್ತದೆ. ಪರೀಕ್ಷೆಯ ನಡುವೆ ಒಂದೆರಡು ಸಲ ಬೇಕೆಂದೇ ಪ್ಲಗ್ ಕಿತ್ತು ನೋಡಿ.

ಪ್ರಶ್ನೆ: ವಿಂಡೋಸ್ ನೋಟ್‌ಪ್ಯಾಡಿನಲ್ಲಿ ವೇರಿಯಬಲ್‌ಗಳನ್ನು ಬರೆದು ಎಸ್‌ಡಿ ಕಾರ್ಡಿನಿಂದ ಇಂಪೋರ್ಟ್ ಮಾಡಿದೆ. ಪ್ರಿಂಟ್‌ಎನ್ವ್‌ನಲ್ಲಿ ಮೌಲ್ಯ ಸರಿ ಕಾಣುತ್ತದೆ, ಹೋಲಿಕೆ ಮಾತ್ರ ಸುಳ್ಳಾಗುತ್ತದೆ. — ಓದುಗರು, ಕೊಪ್ಪ

ಪ್ರತಿ ಸಾಲಿನ ಕೊನೆಯಲ್ಲಿ ನೋಟ್‌ಪ್ಯಾಡ್ ಎರಡು ಬೈಟು ಹಾಕುತ್ತದೆ, ಯು-ಬೂಟ್ ಒಂದನ್ನೇ ಸಾಲಿನ ಕೊನೆಯೆಂದು ಎಣಿಸುತ್ತದೆ. ಉಳಿದ ಕಾಣದ ಬೈಟು ಮೌಲ್ಯಕ್ಕೆ ಅಂಟಿಕೊಂಡಿದೆ. ಎನ್ವ್ ಇಂಪೋರ್ಟ್ -ಟಿ -ಆರ್ ಎಂದು ಕೊಡಿ. -ಆರ್ ಆ ಬೈಟನ್ನು ತೆಗೆಯುತ್ತದೆ, -ಟಿ ಜೊತೆಗಿದ್ದರೆ ಮಾತ್ರ. ಈಗಾಗಲೇ ಸೇವ್‌ಎನ್ವ್ ಮಾಡಿದ್ದರೆ ಆ ಬೈಟೂ ಉಳಿದಿರುತ್ತದೆ, ಮತ್ತೆ ಇಂಪೋರ್ಟ್ ಮಾಡಿ ಮತ್ತೆ ಉಳಿಸಬೇಕು.